ಎಲೆನ್ ಮಾರ್ಷ್‌ಳ ಇನ್ನೊಂದು ಹೆಸರು

ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಉದಯಶಂಕರ ಹನ್ನೊಂದು ವರ್ಷಗಳಿಂದ ಶನಿವಾರದ ಬೆಳಗುಗಳನ್ನು ಒಂದೇ ಕೆಲಸಕ್ಕೆ ಮೀಸಲಿಟ್ಟಿದ್ದ. ಬ್ರಿಟನ್ನಿನಿಂದ ಆಸ್ಟ್ರೇಲಿಯಕ್ಕೆ ಗಡೀಪಾರಾದ ಕೈದಿಗಳ ಹಡಗುಪಟ್ಟಿಗಳನ್ನು ಟೈಪ್ ಮಾಡಿ ಸ್ವಯಂಸೇವಕರ ವೆಬ್‌ಸೈಟೊಂದಕ್ಕೆ ಹಾಕುವುದು. ಚಿಪ್ ಕಂಪನಿಯ ಕೆಲಸ ಹೊಟ್ಟೆಪಾಡಿಗೆ. ಇದು ಅವನದೇ ರಾಜ್ಯ.

ಆ ಪಟ್ಟಿಗಳಲ್ಲಿ ಒಬ್ಬಳು ಮಾತ್ರ ಅವನನ್ನು ಕಾಡಿದ್ದಳು. ಎಲೆನ್ ಮಾರ್ಷ್, ಇಪ್ಪತ್ತೆರಡು ವರ್ಷ, ಶಾಲು ಕದ್ದದ್ದಕ್ಕೆ ಏಳು ವರ್ಷ ಶಿಕ್ಷೆ, ಕಂಕುಳಲ್ಲಿ ಟ್ಯಾಬಿತಾ ಎಂಬ ಕೂಸು. ೧೮೩೨ರಲ್ಲಿ ಸಿಡ್ನಿಯಲ್ಲಿ ಇಳಿದವಳು ಆಮೇಲೆ ಯಾವ ದಾಖಲೆಯಲ್ಲೂ ಇರಲಿಲ್ಲ.

ಮಂಡಿ ಆಪರೇಷನ್ ಆಗಿ ಮನೆಯಲ್ಲಿ ಕೂತಿದ್ದ ಹೆಂಡತಿ ಸರೋಜಾ ಬೇಜಾರಿಗೆಂದು ಆ ಪಟ್ಟಿಗಳನ್ನು ತೆರೆದಳು. ಮೂರೇ ವಾರ.

"ರೀ, ನಿಮ್ಮ ಎಲೆನ್ ಸಿಕ್ಕಿದ್ಲು! ಹೇಗೆ ಗೊತ್ತಾ?"

ಅವನ ಎದೆಯಲ್ಲಿ ಚುರ್ರೆಂದಿತು. "ಆಮೇಲೆ ಹೇಳು, ಮೀಟಿಂಗಿದೆ" ಎಂದವನು ಆಮೇಲೂ ಕೇಳಲಿಲ್ಲ.

ವೆಬ್‌ಸೈಟಿನವರು ಅವಳನ್ನು ಹೊಗಳಿದರು. ಆಸ್ಟಿನ್ನಿನ ಕನ್ನಡದವರು ಭಾಷಣಕ್ಕೆ ಕರೆದರು. ಹನ್ನೊಂದು ವರ್ಷದಲ್ಲಿ ಅವನನ್ನು ಯಾರೂ ಕರೆದಿರಲಿಲ್ಲ. ಸಭೆಯಲ್ಲಿ ಅವಳು ಮಾತಾಡುವಾಗ ಅವನು ಕಾರು ಸರಿಮಾಡುವ ನೆಪದಲ್ಲಿ ಹೊರಗೇ ನಿಂತಿದ್ದ.

ಅಷ್ಟರಲ್ಲಿ ಇಬ್ಬರೂ ಬಳಸುವ ಮೇಲ್‌ಗೆ ಹ್ಯೂಸ್ಟನ್ನಿನಿಂದ ಪತ್ರ ಬಂತು. ಜಾನೆಟ್, ಆಸ್ಟ್ರೇಲಿಯದಲ್ಲಿ ಹುಟ್ಟಿದ ನರ್ಸ್, ಟ್ಯಾಬಿತಾಳ ವಂಶದವಳು. ಎಲೆನ್‌ಳನ್ನು ಹುಡುಕಿದವರು ಯಾರೆಂದು ಕೇಳಿದ್ದಳು. ಉದಯಶಂಕರ ಎರಡು ಸಲ ಟೈಪ್ ಮಾಡಿ ಅಳಿಸಿದ. ಮೂರನೆಯ ಸಲ "ನಾನು" ಎಂದು ಬರೆದು ಕಳಿಸಿಬಿಟ್ಟ. ಜಾನೆಟ್ ದಂಪತಿಯನ್ನು ಭಾನುವಾರ ತನ್ನ ಮನೆಗೆ ಊಟಕ್ಕೆ ಕರೆದಳು.

ಊಟದ ಮಧ್ಯೆ ಜಾನೆಟ್ ಅವನತ್ತ ಬಾಗಿದಳು. "ನಮ್ಮ ಮನೆಯವರಿಗೇ ಗೊತ್ತಿರಲಿಲ್ಲ. ನಿಮಗೆ ಹೇಗೆ ಹೊಳೆಯಿತು?"

ಉತ್ತರವೇ ಅವನಿಗೆ ಗೊತ್ತಿರಲಿಲ್ಲ. ಸರೋಜಾ ಅವನತ್ತ ನೋಡಿ, ತಾನೇ ಹೇಳಿದಳು.

"ಮದುವೆಯಾದಾಗ ಅವಳ ಹೆಸರು, ಮನೆತನದ ಹೆಸರು ಎರಡೂ ಹೋದವು. ಎಲೆನ್ ಮಾರ್ಷ್ ಹೋಗಿ ಆನ್ ಡಾಯ್ಲ್ ಆದಳು. ಮಗಳ ಹೆಸರು ಮಾತ್ರ ಉಳಿದಿತ್ತು. ಹಾಗಾಗಿ ಮಗಳನ್ನು ಹುಡುಕಿದರೆ ತಾಯಿ ಸಿಗುತ್ತಾಳೆ. ನಾನೂ ಮದುವೆಗೆ ಮುಂಚೆ ಪದ್ಮಾಕ್ಷಿ."

ಮದುವೆಯ ದಿನ ಸರೋಜಾ ಎಂಬ ಹೆಸರನ್ನು ಅಕ್ಕಿಯ ಮೇಲೆ ಉಂಗುರದಿಂದ ಬರೆದವನು ಉದಯಶಂಕರನೇ. ಇಪ್ಪತ್ತಾರು ವರ್ಷ ಆ ಪದ್ಮಾಕ್ಷಿ ಅವನಿಗೆ ಒಮ್ಮೆಯೂ ನೆನಪಾಗಿರಲಿಲ್ಲ.

"ನಾನು ಬರೆದದ್ದು ಸುಳ್ಳು" ಎಂದ ಜಾನೆಟ್‌ಗೆ. "ಹುಡುಕಿದವಳು ಇವಳು."

ಜಾನೆಟ್ ಎದ್ದು ಬಂದು ಸರೋಜಾಳ ಎರಡೂ ಕೈ ಹಿಡಿದು ಅತ್ತಳು.

ವಾಪಸ್ ಡ್ರೈವ್ ಮಾಡುವಾಗ ಅವನೇ ಕೇಳಿದ. "ನಾನು ಹಾಗೆ ಬರೆದಿದ್ದು ನಿಂಗೆ ಮೊದಲೇ ಗೊತ್ತಿತ್ತಾ?"

"ಮೇಲ್ ಇಬ್ಬರದೂ ಅಲ್ವೇನ್ರೀ?"

"ಮತ್ಯಾಕೆ ಸುಮ್ನಿದ್ದೆ?"

"ನೀವಾಗೇ ಹೇಳ್ತೀರಾ ನೋಡೋಣ ಅಂತ. ಹೇಳದೇ ಇದ್ದಿದ್ರೆ ನಾಳೆಯಿಂದ ಮಾತು ಬಿಡ್ತಿದ್ದೆ."

ಅಷ್ಟರಲ್ಲಿ ಜಾನೆಟ್‌ಳ ಫೋನ್ ಬಂತು, ಸರೋಜಾಳಿಗೆ. ಅವಳು ನಗುನಗುತ್ತ ಮಾತಿಗಿಳಿದಳು. ಅವನ ಹೊಟ್ಟೆಯೊಳಗಿನ ಕಿಚ್ಚು ಇನ್ನೂ ಆರಿರಲಿಲ್ಲ. ಆದರೂ ಅವಳಿಗೆ ಸರಿಯಾಗಿ ಕೇಳಿಸಲೆಂದು ಅವನು ಎಸಿ ಸಣ್ಣ ಮಾಡಿದ.