ಬಾಗಿಲೊಳಗಿನ ಕೈ

ಇವರಿಗೆ ಕೆಲಸ ಮಾಡುವಾಗ ಕೆಲಸದ ಕಡೆ ನೋಡುವ ಅಭ್ಯಾಸವೇ ಇರಲಿಲ್ಲ. ಕಾರಿನ ಬಾಗಿಲ ಒಳಹೊದಿಕೆ ಬಿಚ್ಚಿ ಪಕ್ಕಕ್ಕಿಟ್ಟು, ತಗಡಿನ ತೂತಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಮುಖ ಮಾತ್ರ ರಸ್ತೆಗೆ ತಿರುಗಿಸಿಕೊಂಡು ಕೂರುತ್ತಿದ್ದರು. ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಒಳಗೆ ಬೆರಳುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಳ್ಳುತ್ತಿದ್ದವು. ಮದುವೆಯಾದ ಹೊಸತರಲ್ಲಿ ಇದೇನು ಸೊಕ್ಕು ಅಂದುಕೊಂಡಿದ್ದೆ. ಒಂದು ಸಲ ಬಾಯಿ ಬಿಟ್ಟು ಕೇಳಿಯೂ ಇದ್ದೆ.

"ಬಾಗಿಲ ಹೊಟ್ಟೇಲಿ ಬರೀ ಕತ್ತಲೆ. ಕಣ್ಣಿಗೆ ಅಲ್ಲೇನು ಕೆಲಸ? ಅದು ಆರಾಮಾಗಿ ಬೀದಿ ನೋಡ್ಕೊಂಡಿರ್ಲಿ ಬಿಡು" ಅಂದಿದ್ದರು.

ಇವರು ಬಾಗಿಲು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹಾಕಿದರೆ ನಿಲ್ಲದ ಬಾಗಿಲು, ಒಳಗಿನಿಂದ ತೆಗೆಯಲು ಬಾರದ ಬಾಗಿಲು, ಕೀಲಿ ತಿರುಗಿದರೂ ಜಪ್ಪಯ್ಯ ಅನ್ನದ ಲಾಕು, ಇಷ್ಟೇ ಇವರ ಪ್ರಪಂಚ. ಇಂಜಿನ್ ಕೆಟ್ಟವರು ಬಂದರೆ ಆಚೆ ಬೀದಿಗೆ ಕೈ ತೋರಿಸುತ್ತಾರೆ. ಬೀದಿಯವರು ಇವರನ್ನು ಬಾಗಿಲು ಡಾಕ್ಟ್ರು ಅಂತ ಕರೆಯುತ್ತಾರೆ. ಪಕ್ಕದ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರ್ ಇಟ್ಟ ಹೆಸರು ಅದು. ಶೆಡ್ಡಿನ ಹಿಂದೆಯೇ ನಮ್ಮ ಮನೆ. ಅಡುಗೆಮನೆಯ ಕಿಟಕಿ ತೆಗೆದರೆ ಇವರ ಬೆನ್ನು ಕಾಣುತ್ತದೆ.

ಒಂದು ದಿನ ಟೀ ತೆಗೆದುಕೊಂಡು ಹೋದರೆ, ಇವರು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮುಖವನ್ನು ಬಾಗಿಲ ತೂತಿಗೆ ಅಂಟಿಸಿಕೊಂಡು ಕೂತಿದ್ದರು.

"ಏನ್ರೀ, ಒಳಗೆ ನಿಧಿ ಗಿಧಿ ಸಿಕ್ತಾ?" ಅಂದೆ.

ತಮಾಷೆಗೆ ತಮಾಷೆ ಹಿಂತಿರುಗಿಸುವ ಮನುಷ್ಯ ಅವತ್ತು ಟಾರ್ಚ್ ಆರಿಸಿ, "ಟೀ ಇಟ್ಟು ಹೋಗು" ಅಂದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಲೋಟ ಕುಕ್ಕಿ ಬಂದೆ. ಆದರೆ ಒಳಗೆ ಬಂದಮೇಲೆ ಕೋಪ ಉಳಿಯಲಿಲ್ಲ, ಭಯ ಉಳಿಯಿತು. ಕಿಟಕಿಯಿಂದ ನೋಡಿದೆ. ಅಷ್ಟು ಬಿಸಿ ಲೋಟವನ್ನು ಇವರು ತಳ ಹಿಡಿದು ಎತ್ತಿದರು, ಕೈ ಬದಲಿಸಲೇ ಇಲ್ಲ.

ಆಮೇಲೆ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿತು. ತಗಡಿನ ಅಂಚಿಗೆ ಬೆರಳು ಕೊಯ್ದು ರಕ್ತ ತೊಟ್ಟಿಕ್ಕುತ್ತಿದ್ದರೂ ನಾನು ಹೇಳುವವರೆಗೆ ತಿಳಿಯುತ್ತಿರಲಿಲ್ಲ. ಒಂದು ಕಾಲಿನ ಚಪ್ಪಲಿ ಶೆಡ್ಡಿನಲ್ಲೇ ಉಳಿದು, ಇವರು ಮನೆಯೊಳಗೆ ಬಂದು ನಿಂತಿರುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಮಾತ್ರೆ ನುಂಗುತ್ತೀನಲ್ಲ, ಇನ್ನೇನು ಅನ್ನುವ ಧೈರ್ಯದಲ್ಲಿದ್ದವರನ್ನು ಕಾಡಿ ಬೇಡಿ ನರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಆ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣು ಮುಚ್ಚಿಕೊಳ್ಳಿ, ನಾನು ಬೆರಳು ಮುಟ್ಟಿದಾಗ ಹೇಳಿ ಅಂದಳು. ಇವರು ಕಣ್ಣು ಮುಚ್ಚಿ ಕೈ ಚಾಚಿ ಕೂತರು. "ಈಗ ಗೊತ್ತಾಯ್ತು" ಅಂದರು. ಸ್ವಲ್ಪ ಬಿಟ್ಟು, "ಹಾಂ, ಈಗ ನಡುಬೆರಳು" ಅಂದರು. ಅವಳ ಕೈಯಲ್ಲಿದ್ದ ಕಡ್ಡಿ ಇನ್ನೂ ಇವರನ್ನು ಮುಟ್ಟಿಯೇ ಇರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಹೋದದ್ದು ವಾಪಸ್ ಬರಲ್ಲ, ಉಳಿದದ್ದನ್ನ ಕಾಪಾಡ್ಕೊಳ್ಳಿ ಅಂತ ಅವಳು ಆದಷ್ಟು ಮೆತ್ತಗೆ ಹೇಳಿದಳು. ಉಳಿದದ್ದು ಎಷ್ಟು ಅಂತ ನಾವು ಕೇಳಲಿಲ್ಲ.

ಬಾಗಿಲಿನ ಕೆಲಸದಲ್ಲಿ ಬೆರಳು ಅಂದರೆ ಏನು ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಬಾಗಿಲ ಹೊರಗಿನ ಹಿಡಿಯಿಂದ ಒಳಗಿನ ಲಾಕಿಗೆ ಒಂದು ಸಣ್ಣ ಕಂಬಿ ಇಳಿದಿರುತ್ತದೆ. ಅದರ ತುದಿಯನ್ನು ಲಾಕಿಗೆ ಕಚ್ಚಿಸಿ ಹಿಡಿಯುವುದು ಉಗುರಿನಷ್ಟು ದೊಡ್ಡದೊಂದು ಪ್ಲಾಸ್ಟಿಕ್ ಕ್ಲಿಪ್ಪು. ಕಂಬಿ ಕೂರಿಸಿ ಕ್ಲಿಪ್ಪನ್ನು ಮಡಚಿ ಒತ್ತಿದರೆ ಟಕ್ ಅನ್ನುತ್ತದೆ. ರಸ್ತೆಯ ಗದ್ದಲದಲ್ಲಿ ಆ ಟಕ್ ಕಿವಿಗೆ ಬೀಳುವುದಿಲ್ಲ, ಬೆರಳಿಗೇ ತಿಳಿಯಬೇಕು. ಅರ್ಧ ಕೂತಿದ್ದರೂ ಅವತ್ತಿನ ಮಟ್ಟಿಗೆ ಬಾಗಿಲು ಚೆನ್ನಾಗಿಯೇ ಇರುತ್ತದೆ. ಆಮೇಲೆ ಯಾವತ್ತೋ ಕಂಬಿ ಜಾರುತ್ತದೆ. ಕೆಳಗೆ ಬಿದ್ದರೆ ಬಾಗಿಲು ತೆಗೆಯಲು ಬರುವುದಿಲ್ಲ, ಅಷ್ಟೇ. ಲಾಕಿನೊಳಗೆ ಅಡ್ಡ ಸಿಕ್ಕಿಕೊಂಡರೆ ಮಾತ್ರ ಕಷ್ಟ. ಬಾಗಿಲು ಹಾಕಿದ ಹಾಗೆ ಕಾಣುತ್ತದೆ, ಹಾಕಿರುವುದಿಲ್ಲ.

ಇವರು ರಿಪೇರಿ ಮಾಡಿದ ಬಾಗಿಲುಗಳು ವಾಪಸ್ ಬರತೊಡಗಿದವು. ಒಬ್ಬ ದಢೂತಿ ಗಿರಾಕಿ ತನ್ನ ಕಡೆಯ ಬಾಗಿಲು ತೆಗೆಯಲಾಗದೆ ಗೇರ್ ಮೇಲೆ ಹತ್ತಿ ಆಚೆ ಕಡೆಯಿಂದ ಇಳಿದೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. "ಡಾಕ್ಟ್ರಿಗೇ ಹುಷಾರಿಲ್ವಾ ಏನು ಕಥೆ?" ಅಂತ ಪೇಂಟರ್ ನಕ್ಕ. ಇವರು ಕ್ಲಿಪ್ಪನ್ನು ಬೈದರು. ಈಗಿನ ಮಾಲೇ ಕಳಪೆ ಅಂದರು. ನಾನೂ ಜೊತೆಗೆ ನಿಂತು ಕ್ಲಿಪ್ ಮಾರುವವನ ವಂಶವನ್ನೇ ಜಾಲಾಡಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಹೇಗೆ ಶುರುವಾಯಿತು ಅಂತ ನೆನಪಿಲ್ಲ. ಒಂದು ದಿನ ಇವರು ಹೊದಿಕೆ ಮುಚ್ಚುವ ಮೊದಲು, "ನೀರು ಕುಡಿದು ಬರ್ತೀನಿ" ಅಂತ ಎದ್ದು ಒಳಗೆ ಹೋದರು. ಹೋಗುವಾಗ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಬಳೆ ತೆಗೆದಿಟ್ಟು ತೂತಿನೊಳಗೆ ಕೈ ಹಾಕಿದೆ. ತಡಕಾಡಿ ತಡಕಾಡಿ ಕ್ಲಿಪ್ ಸಿಕ್ಕಿತು. ಬಾಯಿ ತೆರೆದುಕೊಂಡಿತ್ತು. ಒತ್ತಿದೆ. ಟಕ್ ಅಂದಿತು. ಇವರು ಬಾಯಿ ಒರೆಸಿಕೊಳ್ಳುತ್ತ ಬಂದು, ಏನೂ ಕೇಳದೆ ಹೊದಿಕೆ ಕೂರಿಸಿ ಸ್ಕ್ರೂ ಬಿಗಿದರು.

ಅಲ್ಲಿಂದ ಅದೇ ರೂಢಿಯಾಯಿತು. ಪ್ರತಿ ಬಾಗಿಲಿಗೂ ಇವರಿಗೆ ಬಾಯಾರಿಕೆ, ಪ್ರತಿ ಬಾಗಿಲಿಗೂ ನನಗೆ ಶೆಡ್ಡಿನಲ್ಲಿ ಏನೋ ಗುಡಿಸುವ ಕೆಲಸ. ಕೆಲವು ಸಲ ಕ್ಲಿಪ್ ಸರಿಯಾಗಿ ಕೂತಿರುತ್ತಿತ್ತು, ಹೆಚ್ಚು ಸಲ ಇರುತ್ತಿರಲಿಲ್ಲ. ಇಬ್ಬರೂ ಒಂದು ಮಾತು ಆಡಲಿಲ್ಲ. ಕಾಲು ಕೆರೆದು ಜಗಳಕ್ಕೆ ಹೋಗುವ ನಾನು ಈ ವಿಷಯದಲ್ಲಿ ಮಾತ್ರ ಬಾಯಿ ಹೊಲಿದುಕೊಂಡಿದ್ದೆ. ಹೀಗೇ ನಡೆದುಹೋಗಬಹುದು ಅನ್ನುವ ಆಸೆ ಇತ್ತು. ಈ ಕೈ ಇರುವವರೆಗೆ ಇವರು ಡಾಕ್ಟ್ರಾಗಿಯೇ ಇರಲಿ, ನನ್ನ ಗಂಟೇನು ಹೋಗುತ್ತದೆ ಅಂದುಕೊಂಡಿದ್ದೆ.

ಆಗ ಟೀಚರ್ ಕಾರು ಬಂತು. ಪಕ್ಕದ ಬೀದಿಯ ಶಾಲೆಯಲ್ಲಿ ಪಾಠ ಹೇಳುವವಳು, ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅದೇ ಶಾಲೆಗೆ ಹೋಗುತ್ತಾಳೆ. ಮಗಳು ಕೂರುವ ಕಡೆಯ ಬಾಗಿಲು ಹೊರಗಿನಿಂದ ತೆಗೆಯಲು ಬರುತ್ತಿಲ್ಲ ಅಂದಳು. ಬಿಟ್ಟು ಹೋಗಿ, ಸಾಯಂಕಾಲ ಬನ್ನಿ ಅಂದರು ಇವರು. ನಾನು ಹಿತ್ತಲಲ್ಲಿ ಬಟ್ಟೆ ಒಣಗಿಹಾಕುತ್ತ, ಇವರು ನೀರಿಗೆ ಬರುವುದನ್ನೇ ಕಾಯುತ್ತಿದ್ದೆ.

ಬಂದರು. ನೀರಿನ ಕಡೆ ಹೋಗಲಿಲ್ಲ. ನೇರ ನನ್ನ ಹತ್ತಿರ ಬಂದು ನಿಂತರು.

"ಗೊತ್ತಾಯ್ತು ಕಣೇ."

"ಏನು?"

"ಕ್ಲಿಪ್ ಕೂತಿದ್ದು. ಬೆರಳಿಗೆ ಗೊತ್ತಾಯ್ತು. ಟಕ್ ಅಂತು, ಮೊದಲಿನ ಥರಾನೇ."

"ಹೊದಿಕೆ?"

"ಹಾಕಾಯ್ತು. ಸ್ಕ್ರೂನೂ ಬಿಗಿದಾಯ್ತು. ಆ ಡಾಕ್ಟರಮ್ಮಂಗೆ ಏನು ಗೊತ್ತು?"

ನಗುತ್ತಿದ್ದರು. ಇವರು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಕೈ ಮುಂದೆ ಚಾಚಿದರು, ನೋಡು ಅನ್ನುವ ಹಾಗೆ. ಹಿಡಿದುಕೊಂಡೆ. ತಣ್ಣಗಿತ್ತು. ಬಿಚ್ಚಿ, ಇನ್ನೊಂದು ಸಲ ನೋಡೋಣ ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಆ ನಗುವನ್ನು ನೋಡಿಕೊಂಡು ಅದನ್ನು ಹೇಳುವ ಕಲ್ಲೆದೆ ನನಗಿಲ್ಲ. ಶೆಡ್ಡಿಗೆ ಹೋಗಿ ಬಾಗಿಲು ತೆಗೆದು ಹಾಕಿ ನೋಡಿದೆ. ಹೂವೆತ್ತಿದ ಹಾಗೆ ಬರುತ್ತಿತ್ತು. ಮೊದಲ ದಿನ ಎಲ್ಲ ಬಾಗಿಲೂ ಹಾಗೆಯೇ ಬರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಸಾಯಂಕಾಲ ಟೀಚರ್ ಕಾರು ತೆಗೆದುಕೊಂಡು ಹೋದಳು.

ಆಮೇಲೆ ಇವರಿಗೆ ಬಾಯಾರಿಕೆ ನಿಂತಿತು. "ನೀನಿನ್ನು ಮನೆ ನೋಡ್ಕೋ" ಅಂದರು. ಪೇಂಟರಿಗೆ ಹಳೆಯ ಕಥೆಗಳನ್ನೆಲ್ಲ ಮತ್ತೆ ಹೇಳತೊಡಗಿದರು. ನನಗೆ ಮಾತ್ರ ನಂಬಿಕೆ ಸಾಲಲಿಲ್ಲ. ಇನ್ನೊಂದು ಕಾರಿನ ಬಾಗಿಲನ್ನೂ ಇವರು ಹಾಗೆಯೇ ಮುಗಿಸಿದಾಗ, ಸೋಪು ತೀರಿದೆ ಅಂತ ಸುಳ್ಳು ಹೇಳಿ ಅಂಗಡಿಗೆ ಅಟ್ಟಿ, ಹೊದಿಕೆ ಬಿಚ್ಚಿ ಕೈ ಹಾಕಿದೆ. ಕ್ಲಿಪ್ ಬಾಯಿ ತೆರೆದುಕೊಂಡೇ ಇತ್ತು. ಒತ್ತಿ ಕೂರಿಸಿದೆ. ಇವರಿಗೆ ಟಕ್ ಅಂದದ್ದು ಬೆರಳಿಗಲ್ಲ, ಆಸೆಗೆ. ಹಾಗಾದರೆ ಟೀಚರ್ ಮಗಳು ಒರಗಿಕೊಂಡು ಕೂರುವ ಬಾಗಿಲು?

ಮಾರನೆಯ ಬೆಳಿಗ್ಗೆ ಶಾಲೆಯ ಗೇಟಿಗೆ ಹೋಗಿ ಏನಾದರೂ ನೆಪ ಹೇಳಿ ಕಾರು ವಾಪಸ್ ತರಿಸಬೇಕು, ಇವರಿಗೆ ತಿಳಿಯಬಾರದು ಅಂತ ಲೆಕ್ಕ ಹಾಕಿಕೊಂಡೆ. ಬೆಳಗಾಗುತ್ತಲೇ ಚಪ್ಪಲಿ ಮೆಟ್ಟಿದ್ದೆ ಕೂಡ. ಅಷ್ಟರಲ್ಲಿ ಆ ಕಾರೇ ಬೀದಿಗೆ ತಿರುಗಿತು. ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿತ್ತು.

ಟೀಚರ್ ಇಳಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ತಿರುವಿನಲ್ಲಿ ತೆರ್ಕೊಂಡ್ಬಿಡ್ತು" ಅಂದಳು. "ಬೆಲ್ಟ್ ಹಾಕಿದ್ಲು, ಅದಕ್ಕೆ ಉಳಿದ್ಲು. ಬ್ಯಾಗ್ ಆಚೆ ಬಿತ್ತು. ಹಿಂದಿದ್ದ ಲಾರಿ ಅದರ ಮೇಲೇ ಹೋಯ್ತು." ಹಗ್ಗ ಕಟ್ಟಿದ ಬಾಗಿಲ ಮೇಲೆ ಕೈಯಿಟ್ಟು ಮತ್ತೆ ಹೇಳಿದಳು. "ನಾನು ಜಗಳಕ್ಕೆ ಬಂದಿಲ್ಲ ಅಣ್ಣಾ. ಬಾಗಿಲ ಕೆಲಸಕ್ಕೆ ನಿಮ್ಮನ್ನ ಬಿಟ್ರೆ ಯಾರೂ ಇಲ್ಲ ಅಂತಾರೆ. ಯಾಕೆ ಹಿಂಗಾಯ್ತು ಅಂತ ನೋಡಿ ಹೇಳಿ. ಮಗು ಕಾರು ಹತ್ತಲ್ಲ ಅಂತ ಕೂತಿದೆ."

ಇವರು ಹಗ್ಗದ ಗಂಟಿಗೆ ಕೈ ಹಾಕಿದರು. ಬಿಚ್ಚಲಾಗಲಿಲ್ಲ. ಪೇಂಟರ್ ಬಂದು ಬಿಚ್ಚಿಕೊಟ್ಟ, ಏನೂ ತಮಾಷೆ ಮಾಡಲಿಲ್ಲ. ಸ್ಕ್ರೂ ತೆಗೆದು ಹೊದಿಕೆ ಎಳೆದಿಟ್ಟು ಇವರು ಒಳಗೆ ಕೈ ಇಳಿಸಿದರು. ಬಹಳ ಹೊತ್ತು ತಡಕಾಡಿದರು. ಆಮೇಲೆ ಕೈ ಹೊರಗೆ ತೆಗೆದು ನನ್ನ ಕಡೆ ತಿರುಗಿದರು.

"ನೀನು ನೋಡು" ಅಂದರು. ಎಲ್ಲರ ಎದುರಿಗೆ.

"ರೀ, ನೀವು ಹೋಗಿ ನೀರು ಕುಡಿದು ಬನ್ನಿ" ಅಂದೆ.

"ಬಾಯಾರಿಕೆ ಇಲ್ಲ. ನೋಡು."

ಕೈ ಹಾಕಿದೆ. ಕ್ಲಿಪ್ ಸಡಿಲವಾಗಿ ನೇತಾಡುತ್ತಿತ್ತು. ಕಂಬಿ ಜಾರಿ ಲಾಕಿನೊಳಗೆ ಅಡ್ಡ ಸಿಕ್ಕಿಕೊಂಡಿತ್ತು. ಲಾಕೇ ಸವೆದುಹೋಗಿದೆ ಅಂತ ಹೇಳಬಹುದಿತ್ತು. ಟೀಚರ್ ನಂಬುತ್ತಿದ್ದಳು, ಪೇಂಟರ್ ನಂಬುತ್ತಿದ್ದ. ಇವರೂ ನಂಬುತ್ತಿದ್ದರು, ನಂಬಲು ಹಾತೊರೆಯುತ್ತಿದ್ದರು. ನಂಬಿ ಇನ್ನೊಂದು ಬಾಗಿಲಿಗೆ ಕೈ ಹಾಕುತ್ತಿದ್ದರು. ಆ ಬಾಗಿಲ ಪಕ್ಕ ಯಾರ ಮಗು ಕೂರುತ್ತದೋ.

"ಕೂತಿಲ್ಲ ರೀ" ಅಂದೆ.

ಇವರು ತಲೆ ಆಡಿಸಿದರು. ಟೀಚರ್ ಕಡೆ ತಿರುಗಿ, "ನನ್ನ ಕೈಯದೇ ತಪ್ಪು ಅಮ್ಮಾ. ಈ ಬೆರಳಿಗೆ ಏನೂ ಗೊತ್ತಾಗಲ್ಲ" ಅಂದರು. ಮನೆಯೊಳಗೆ, ನನ್ನೊಬ್ಬಳ ಎದುರಿಗೂ ಆಡದ ಮಾತನ್ನು ನಡುಬೀದಿಯಲ್ಲಿ ಆಡಿದರು. ನನಗೆ ಅಳು ಬಂತು. ಅತ್ತುಬಿಟ್ಟೆ. ಕೈ ಬಾಗಿಲೊಳಗೇ ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಇವರು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಲಾಕಿನೊಳಗಿಂದ ಕಂಬಿ ಹೇಗೆ ಬಿಡಿಸಬೇಕು, ಎಲ್ಲಿ ಕೂರಿಸಬೇಕು ಅಂತ ಬಾಯಲ್ಲಿ ಹೇಳಿಕೊಟ್ಟರು. ಹೇಳಿದ ಹಾಗೆ ಮಾಡಿದೆ. ಕ್ಲಿಪ್ ಒತ್ತುವುದೊಂದು ಉಳಿಯಿತು.

"ಇರು" ಅಂದರು. "ಇದೊಂದು ನಾನು ಒತ್ತುತ್ತೀನಿ. ನನ್ನ ಬೆರಳು ಎಲ್ಲಿರಬೇಕೋ ಅಲ್ಲಿ ನೀನು ಇಡು."

ನನ್ನ ಕೈಯ ಪಕ್ಕದಲ್ಲೇ ಇವರ ಕೈ ಒಳಗೆ ಬಂತು. ತಗಡು ಇಬ್ಬರ ಮಣಿಕಟ್ಟನ್ನೂ ಕಚ್ಚುತ್ತಿತ್ತು. ಕತ್ತಲೆಯಲ್ಲಿ ಇವರ ಹೆಬ್ಬೆರಳನ್ನು ಹಿಡಿದು ಕ್ಲಿಪ್ಪಿನ ಮೇಲಿಟ್ಟೆ. ಅದರ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಟಕ್ ಅಂದಿತು. ಆ ಟಕ್ ಇವರ ಬೆರಳನ್ನು ಹಾದು ನನ್ನ ಬೆರಳಿಗೆ ಬಂತು.

ಇವರು ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಒತ್ತು, ಹೆದರ್ಕೋಬೇಡ. ಇನ್ನೂ ಸ್ವಲ್ಪ ಜೋರಾಗಿ" ಅಂದರು.

ಒತ್ತಿದ ಹಾಗೆ ಮಾಡಿದೆ.

"ಇನ್ನೂ ಇಲ್ವಾ?"

"ಆಯ್ತು ರೀ" ಅಂದೆ. "ಕೂತುಬಿಡ್ತು. ಕೈ ತೆಗೀರಿ."