ಗುಡಿಸದ ಮನೆ

ಶವಪೆಟ್ಟಿಗೆ ಹೊತ್ತ ನಾಲ್ವರು ಏರುದಾರಿಯ ತಿರುವಿಗೆ ಬಂದಾಗ ನೆಲ ಮತ್ತೊಮ್ಮೆ ಒದೆಯಿತು. ಮುಂದಿದ್ದ ಬ್ರೆಡ್ಡಂಗಡಿಯ ಪಿದ್ದು ಮಂಡಿಯೂರಿ ಬಿದ್ದ. ಪೆಟ್ಟಿಗೆಯ ಮೂಲೆ ಕಲ್ಲುಹಾಸಿಗೆ ಬಡಿಯಿತು. ಪಕ್ಕದ ಮನೆಯ ಬಾಲ್ಕನಿ ಕಳಚಿ ಬೀದಿಗೆ ಬಿದ್ದು ಪುಡಿಯಾಯಿತು.

"ಕೆಳಗಿಡ್ಬೇಡ್ರೋ!" ಸತ್ತವಳ ಮಗಳು ನಿನ್ಫಾ ಕೂಗಿದಳು.

"ನಾನೆಲ್ಲಿ ಇಟ್ಟೆ? ನಿಮ್ಮಮ್ಮನೇ ಇಳಿದ್ಲು." ಪಿದ್ದು ಮಂಡಿಯ ರಕ್ತ ಒರೆಸಿಕೊಂಡ. "ಬದುಕಿದ್ದಾಗ್ಲೂ ಅಷ್ಟೇ. ಒಬ್ಬರ ಮಾತು ಕೇಳಿದೋಳಲ್ಲ."

"ಬಾಯಿ ಮುಚ್ಚೋ ಮುಂಡೇದೆ," ಎಂದಳು ನೆರೆಮನೆಯ ಮುದುಕಿ ಜೂಸಾ. "ವೆನೇರಾ ಎದ್ದು ಬಂದ್ರೆ ಮೂರೇ ಬೆರಳಲ್ಲಿ ನಿನ್ನ ಕೆನ್ನೆ ಊದಿಸ್ತಾಳೆ."

ಯಾರೋ ನಕ್ಕರು, ಬೂದಿ ಗಂಟಲಿಗೆ ಹೋಗಿ ಕೆಮ್ಮಿದರು. ಇಗರ್ಜಿಯ ಚಾವಣಿ ಮೊನ್ನೆಯ ಕಂಪನಕ್ಕೇ ಕುಸಿದಿತ್ತು. ಪೂಜೆಯನ್ನು ಬಯಲಲ್ಲಿ, ಕೊಡೆ ಹಿಡಿದುಕೊಂಡು ಮುಗಿಸಿದ್ದಾಯಿತು. ಭೂಪಟದವರು ಎಟ್ನಾ ಎಂದು ಬರೆದುಕೊಳ್ಳಲಿ, ನಮ್ಮ ಪೆತ್ರಾಮಾರದವರಿಗೆ ಅದು ಬರೀ 'ಬೆಟ್ಟ'. ಹೆಣ್ಣು. ಅವಳ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಅವಳ ಮಗ್ಗುಲು ಸೀಳಿ ಹೊರಬಿದ್ದ ಲಾವಾ ಈಗ ನೇರವಾಗಿ ಊರ ಮೇಲ್ಬದಿಯ ಸ್ಮಶಾನದತ್ತ ಇಳಿಯುತ್ತಿತ್ತು. ಕತ್ತಲಾಗುವುದರೊಳಗೆ ಊರು ಖಾಲಿಯಾಗಬೇಕೆಂದು ಸೈನಿಕರು ಮನೆಮನೆಗೆ ಸಾರಿ ಹೋಗಿದ್ದರು.

ಪಟ್ಟಣದಿಂದ ಬಂದ ಎಳೆಯ ಪಾದ್ರಿ ನಿನ್ಫಾಳ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಮ್ಮಾ, ನಾಳೆ ಹೊತ್ತಿಗೆ ಆ ಸ್ಮಶಾನಾನೇ ಇರಲ್ಲ. ಕತಾನಿಯಾ ಪಟ್ಟಣಕ್ಕೆ ತಗೊಂಡು ಹೋಗೋಣ. ಅಲ್ಲಿ ಒಳ್ಳೆ ಜಾಗ ಇದೆ."

"ಗುರುತಿಲ್ಲದೋರ ಮಧ್ಯೆ ತಣ್ಣಗೆ ಮಲಗೋದಕ್ಕಿಂತ ಅಪ್ಪ ಅಮ್ಮನ ಪಕ್ಕದಲ್ಲಿ ಬೇಯೋದೇ ವಾಸಿ ಅಂದ್ಲು ಸ್ವಾಮಿ, ಸಾಯೋವಾಗ. ನಾನು ಮಾತು ಕೊಟ್ಟಿದ್ದೀನಿ."

"ಮಾತು ಕೊಟ್ಟಿದ್ದೀಯ, ಗೋರಿಮನೆ ಬೀಗದ ಕೈ ಯಾರ ಹತ್ರ ಇದೆ?" ಪಿದ್ದು ಪೆಟ್ಟಿಗೆಗೆ ಮತ್ತೆ ಹೆಗಲು ಕೊಟ್ಟ. "ಬೆಟ್ಟನಾದ್ರೂ ದಾರಿ ಬಿಟ್ಟಾಳು. ನಿನ್ನ ಸೋದರಮಾವ ಬಿಡಲ್ಲ."

•

ನಿನ್ಫಾ ಇನ್ನೂ ಚಿಕ್ಕವಳಾಗಿದ್ದಾಗ ಒಮ್ಮೆ ಲಾವಾ ಇದೇ ಕಡೆ ಇಳಿದಿತ್ತು. ದಾರಿಯಲ್ಲಿ ಎರಡು ಮನೆಗಳು: ಒಂದು ವೆನೇರಾಳದು, ಇನ್ನೊಂದು ಕೊರಕಲಿನ ಆಚೆಗೆ ಅವಳ ತಮ್ಮ ಚಿರಿನೊನದು. ಬೆಟ್ಟ ಅಕ್ಕನ ಮನೆಯನ್ನು ಆರಿಸಿಕೊಂಡಿದ್ದಳು. ತಮ್ಮನೂ ಅವನ ಹೆಂಡತಿ ಸಾಂತಾಳೂ ಬೆಳಗಾಗುತ್ತಲೇ ಮಗುವನ್ನೆತ್ತಿಕೊಂಡು ಓಡಿಬಂದು ಮಂಚ, ಪೀಪಾಯಿ, ಹೊಲಿಗೆಯಂತ್ರ ಎಲ್ಲ ಹೊರಗೆ ಹೊತ್ತು ಹಾಕುತ್ತಿದ್ದರು. ವೆನೇರಾ ಮಾತ್ರ ಅಲ್ಲಿರಲಿಲ್ಲ.

ಬೆಟ್ಟ ಹಿಡಿದ ದಾರಿಗೆ ಕೈ ಹಾಕಬಾರದು ಎಂಬುದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಿನ್ನ ಬಾಗಿಲಿನಿಂದ ಓಡಿಸಿದ ಬೆಂಕಿ ಇನ್ನೊಬ್ಬನ ಬಾಗಿಲಿಗೇ ಹೋಗುತ್ತದೆ. ಹಿಂದೆ ಇದೇ ಕಾರಣಕ್ಕೆ ಊರು ಊರುಗಳು ಚೂರಿ ಹಿಡಿದು ಹೊಡೆದಾಡಿದ್ದುಂಟು. ಆದರೆ ಆ ಮನೆಯ ಒಂದೊಂದು ಕಲ್ಲನ್ನೂ ವೆನೇರಾ ಬಸುರಿಯಾಗಿದ್ದಾಗ ತಲೆಯ ಮೇಲೆ ಹೊತ್ತು ತಂದಿದ್ದಳು. ಅವಳು ಒದ್ದೆ ಗೋಣಿ ಸುತ್ತಿಕೊಂಡು, ಪಿಕಾಸಿ ಹಿಡಿದು ಮೇಲಕ್ಕೆ ಹೋದಳು. ಹರಿಯುವ ಲಾವಾ ತನ್ನ ಎರಡೂ ಮಗ್ಗುಲಿಗೆ ಗಟ್ಟಿ ದಂಡೆ ಕಟ್ಟಿಕೊಳ್ಳುತ್ತದೆ. ಆ ದಂಡೆಯನ್ನು ಅವಳು ಹುಬ್ಬು ಸುಟ್ಟು ಹೋಗುವವರೆಗೆ ಕುಟ್ಟಿದಳು. ಬಿರುಕು ಬಿಟ್ಟದ್ದೇ ತಡ, ಬೆಂಕಿ ಪಕ್ಕಕ್ಕೆ ನುಗ್ಗಿತು. ಕೊರಕಲು ಅದನ್ನು ನುಂಗಿಕೊಳ್ಳುತ್ತದೆ ಎಂದು ಅವಳ ಲೆಕ್ಕ. ಕೊರಕಲು ಕ್ಷಣದಲ್ಲಿ ತುಂಬಿ ಉಕ್ಕಿತು.

ಸಿಡಿದ ಸದ್ದು ಕೇಳಿ ಚಿರಿನೊ ತನ್ನ ಮನೆಗೆ ಓಡುವಷ್ಟರಲ್ಲಿ ಮಾಡು ಉರಿಯುತ್ತಿತ್ತು. ಅವನು ದ್ರಾಕ್ಷಿ ಸವರುವ ಮಚ್ಚು ಹಿಡಿದು ಅಕ್ಕನನ್ನು ಹುಡುಕಿಕೊಂಡು ಬಂದ. ವೆನೇರಾ ಮುಖಕ್ಕೆ ಅಡ್ಡವಾಗಿ ಬಲಗೈ ಎತ್ತಿದಳು. ಎರಡು ಬೆರಳು ನೆಲಕ್ಕೆ ಬಿದ್ದವು. ಪೊಲೀಸರು ಕೇಳಿದಾಗ ಅವಳು, "ಸೌದೆ ಒಡೀವಾಗ ಕೊಡಲಿ ಜಾರ್ತು," ಎಂದಳು. ಅಕ್ಕ ತಮ್ಮ ಅಂದಿನಿಂದ ಮಾತಾಡಲಿಲ್ಲ.

•

ಉಳಿದ ಮೂರೇ ಬೆರಳಿನಲ್ಲಿ ವೆನೇರಾ ದ್ರಾಕ್ಷಿ ಸವರಿದಳು, ಹಿಟ್ಟು ನಾದಿದಳು, ಗಂಡನನ್ನು ಮಣ್ಣು ಮಾಡಿದಳು, ಮಗಳಿಗೂ ಅಳಿಯನಿಗೂ ಸಮನಾಗಿ ಬಾರಿಸಿದಳು. ಉಳಿಸಿಕೊಂಡ ಮನೆಯನ್ನು ಹೊಗಳಿದವರ ಮೇಲೆ ಉರಿದುಬೀಳುತ್ತಿದ್ದಳು. ಸತ್ತವರ ಹಬ್ಬದ ದಿನ ಅಪ್ಪ ಅಮ್ಮನ ಗೋರಿಮನೆಗೆ ಹೋದರೆ ಕಬ್ಬಿಣದ ಬಾಗಿಲ ಹೊರಗೇ ನಿಲ್ಲಬೇಕು. ಬೀಗದ ಕೈ ಮನೆಗೆ ಒಬ್ಬನೇ ಗಂಡುಮಗ ಚಿರಿನೊನ ಬಳಿ. ಅವಳು ಸರಳುಗಳ ನಡುವೆ ಹೂ ತೂರಿಸಿ ಬರುತ್ತಿದ್ದಳು. ಅವನು ಮಧ್ಯಾಹ್ನ ಹೋಗಿ ಕೈಗೆ ಸಿಕ್ಕಷ್ಟನ್ನು ಹೊರಗೆ ಎಸೆಯುತ್ತಿದ್ದ.

"ಕೇಳಿ ತಗೋಬಾರ್ದಾ ಅಮ್ಮ ಕೀಲಿಕೈನ?" ಎಂದು ನಿನ್ಫಾ ಒಮ್ಮೆ ಕೇಳಿದ್ದಳು.

"ಯಾವ ಬಾಯಲ್ಲಿ ಕೇಳ್ಲೇ?" ಎಂದು ವೆನೇರಾ ತಿರುಗಿ ಕೇಳಿದಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

•

ಗೋರಿಮನೆಯ ಬಾಗಿಲಿಗೆ ಅಡ್ಡವಾಗಿ ಚಿರಿನೊ ಸಲಿಕೆ ಹಿಡಿದು ನಿಂತಿದ್ದ. ಎಂಬತ್ತರ ಹತ್ತಿರದ ಮುದುಕ, ಒಣಗಿದ ದ್ರಾಕ್ಷಿಬಳ್ಳಿಯ ಹಾಗಿದ್ದ. ಹಿಂದೆ ಸೈಪ್ರೆಸ್ ಮರಗಳ ಮೇಲ್ಗಡೆ ಕಪ್ಪು ಕೆಂಡದ ಗೋಡೆ ಗಡಿಗೆ ಒಡೆದ ಸದ್ದು ಮಾಡುತ್ತ ಅಂಗುಲ ಅಂಗುಲವಾಗಿ ಕೆಳಗುರುಳುತ್ತಿತ್ತು. ಉಸಿರೆಳೆದರೆ ಗಂಧಕ.

"ಬಾಗಿಲು ತೆಗಿ ಮಾವ," ಎಂದಳು ನಿನ್ಫಾ.

"ಇನ್ನೊಂದು ಹೆಜ್ಜೆ ಇಟ್ರೆ ನಿನಗೂ ಇಲ್ಲೇ ಗುಂಡಿ."

"ನಾಳೆ ಬೆಟ್ಟ ನುಂಗೋ ಗೋರಿಗೆ ಇವತ್ತು ಹೊಡೆದಾಟನಾ?" ಪಿದ್ದು ನಗಲು ನೋಡಿದ. "ಅಜ್ಜ, ನಿನಗೆ ಅರಳುಮರಳು."

ಸಲಿಕೆ ಬೀಸಿಬಂತು. ಪಿದ್ದುವಿನ ಹೆಗಲ ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಪೆಟ್ಟಿಗೆ ನೆಲಕ್ಕಪ್ಪಳಿಸಿ ಮುಚ್ಚಳ ಸೀಳಿತು. ಸೀಳಿನಿಂದ ವೆನೇರಾಳ ಬಲಗೈ, ಜಪಮಣಿ ಸುತ್ತಿದ ಮೂರು ಬೆರಳು, ಹೊರಗೆ ಕಂಡವು. ನಿನ್ಫಾ ಮಾವನ ಎದೆಯ ಮೇಲೆ ಬಿದ್ದು ಕೂದಲು ಹಿಡಿದು ಅವನ ತಲೆಯನ್ನು ಕಬ್ಬಿಣದ ಸರಳಿಗೆ ಬಡಿದಳು. ಅವನು ಅವಳ ಕತ್ತು ಹಿಡಿದ. ಪಾದ್ರಿ ನಡುವೆ ಬಂದು ಮೂಗಿಗೆ ಮೊಣಕೈ ತಿಂದು ಕುಸಿದ.

"ಎರಡು ಬೆರಳು ಕಡಿದ್ಯಲ್ಲ! ಸಾಲ್ದಾ?" ನಿನ್ಫಾ ಚೀರಿದಳು. "ಒಂದು ಮನೆಗೋಸ್ಕರ ಎಷ್ಟು ಕಡೀಬೇಕು?"

"ಮನೆ ಹಾಳಾಗಿ ಹೋಗ್ಲಿ!" ಚಿರಿನೊ ಅವಳನ್ನು ದಬ್ಬಿದ. ಹಣೆಯ ರಕ್ತ ಅವನ ಕಣ್ಣಿಗಿಳಿಯುತ್ತಿತ್ತು. "ಮನೆ ಕೇಳಿದ್ನೇನೇ ನಾನು? ಬೆಟ್ಟ ಕೊಟ್ಟಿದ್ದು, ಬೆಟ್ಟ ತಗೋತಾಳೆ. ಅವತ್ತು ನನ್ನ ಸಾಂತಾ ಎಲ್ಲಿದ್ಲು ಗೊತ್ತಾ? ನಿಮ್ಮನೇಲಿ! ನಿಮ್ಮನೆ ನೆಲ ಗುಡಿಸಿ ಒರೆಸ್ತಿದ್ಲು. ನಿಮ್ಮ ಮೇಜಿಗೆ ಬಟ್ಟೆ ಹಾಸಿ, ರೊಟ್ಟಿ ಇಟ್ಟು, ವೈನ್ ಬಗ್ಗಿಸಿ, ಬಾಗಿಲು ತೆರೆದಿಟ್ಲು. ಬೆಟ್ಟ ಬರೋ ಮನೇನ ಹೆಂಗೆ ಬಿಡ್ಬೇಕೋ ಹಂಗೆ."

ಬೆಟ್ಟ ಬರುವುದು ಖಚಿತವಾದ ಮೇಲೆ ಅತಿಥಿ ಬಂದಂತೆ ಬರಮಾಡಿಕೊಳ್ಳಬೇಕು, ಆ ಮನೆಯ ಹೆಂಗಸಿನ ಮರ್ಯಾದೆ ಅದರಲ್ಲಿದೆ.

"ನಮ್ಮನೇಲಿ?" ಚಿರಿನೊನ ದನಿ ಬಿರಿಯಿತು. "ಹಿಂದಿನ ದಿನದ ಎಂಜಲು ತಟ್ಟೆ. ಮಡಚದ ಹಾಸಿಗೆ. ಮೂಲೇಲಿ ಮಗುವಿನ ಒದ್ದೆ ಬಟ್ಟೆ. ಆ ಗಲೀಜಿಗೆ ಬೆಟ್ಟ ಬಂದ್ಲು. ಸಾಯೋವರೆಗೂ ಸಾಂತಾ ಬಾವಿಕಟ್ಟೆಗೆ ಹೋಗ್ಲಿಲ್ಲ. ಕನಸಲ್ಲೂ ತಟ್ಟೆ ತೊಳೀತಿದ್ಲು. ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಒಂದು ಕೂಗು?"

ಅಮ್ಮನ ಮೇಲೆ ನಿನ್ಫಾಳಿಗೆ ಹುಟ್ಟಿದಾಗಿನಿಂದ ಬಾರದಷ್ಟು ಸಿಟ್ಟು ಬಂತು, ಅದರ ಬೆನ್ನಿಗೇ ಅಷ್ಟೇ ಅಳು ಬಂತು. ಅವಳು ಮೊಣಕಾಲೂರಿ ಅಮ್ಮನ ಕೈಯನ್ನು ಪೆಟ್ಟಿಗೆಯ ಒಳಗೆ ಸೇರಿಸಿದಳು.

"ಏನು ಮಾಡ್ಬೇಕು ಹೇಳು ಮಾವ."

ಮುದುಕ ಹಣೆಯ ರಕ್ತವನ್ನು ತೋಳಿಗೆ ಒರೆಸಿಕೊಂಡ. ಆಮೇಲೆ ಬಾಗಿಲ ಬೀಗ ತೆಗೆದ. ಒಳಗೆ ವರ್ಷಗಟ್ಟಲೆಯ ತರಗೆಲೆ, ಬೂದಿ, ಹಕ್ಕಿಯ ಹಿಕ್ಕೆ, ಕೊಳೆತ ಹೂವಿನ ಕಾಂಡಗಳು.

"ಇಡಿ. ಆದ್ರೆ ಗುಡಿಸೋ ಹಾಗಿಲ್ಲ. ದೀಪ ಇಲ್ಲ, ಹೂ ಇಲ್ಲ, ಬಟ್ಟೆ ಹಾಸೋ ಹಾಗಿಲ್ಲ. ಬೆಟ್ಟ ನನ್ನ ಮನೆಗೆ ಬಂದ ಹಾಗೇ ಇಲ್ಲಿಗೂ ಬರ್ಲಿ."

"ಪಾಪ ಕಣೋ ಚಿರಿನೊ," ಎಂದಳು ಜೂಸಾ. "ಹೆತ್ತೋರೂ ಅಲ್ಲೇ ಮಲಗಿದ್ದಾರೆ."

"ಆಯ್ತು," ಎಂದಳು ನಿನ್ಫಾ ಹಲ್ಲು ಕಚ್ಚಿ. ತಾನು ತಂದಿದ್ದ ಹೊಸ ಬಿಳಿಬಟ್ಟೆಯನ್ನು ಮಡಿಲಲ್ಲಿ ಮುದುಡಿಕೊಂಡಳು. ಪಿದ್ದುವಿನ ಜಾಗಕ್ಕೆ ತಾನೇ ಹೆಗಲು ಕೊಟ್ಟು, ಕಸದ ಮೇಲೆ ಹೆಜ್ಜೆಯಿಟ್ಟು, ಅಮ್ಮನನ್ನು ಅಜ್ಜಿಯ ಪಕ್ಕದ ಗೂಡಿಗೆ ತಳ್ಳಿದಳು. ಪಾದ್ರಿ ಮೂಗಿನ ರಕ್ತ ನುಂಗುತ್ತ ಎರಡು ಸಾಲು ಪ್ರಾರ್ಥನೆ ಹೇಳಿದ. ಮುಗಿಯುವಷ್ಟರಲ್ಲಿ ಮೇಲಿನ ಸೈಪ್ರೆಸ್ ಮರವೊಂದು ಬುಡದಿಂದ ತುದಿಯವರೆಗೆ ಭಗ್ಗನೆ ಹೊತ್ತಿಕೊಂಡಿತು. ಜನ ದಿಕ್ಕಾಪಾಲಾಗಿ ಕೆಳಕ್ಕೆ ಓಡಿದರು.

ಕೆಳಗಿನ ತಿರುವಿನಲ್ಲಿ ಸೈನ್ಯದ ಲಾರಿ ಕಾಯುತ್ತಿತ್ತು. ಹತ್ತಿದವರ ತಲೆ ಎಣಿಸಿದರೆ ಒಬ್ಬ ಕಡಿಮೆ.

"ಆ ಮುದುಕ ಎಲ್ಲಿ?" ಸೈನಿಕನೊಬ್ಬ ಕೇಳಿದ.

ಆಗ ಸ್ಮಶಾನದ ಮೇಲ್ಗೋಡೆ ಲಾವಾದ ಒತ್ತಡಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಒಡೆಯಿತು. ಇಬ್ಬರು ಸೈನಿಕರು ಬೈಯುತ್ತ ಮೇಲಕ್ಕೆ ಓಡಿದರು. ಲಾರಿಯಲ್ಲಿದ್ದವರು ಕಣ್ಣು ಕಿರಿದಾಗಿಸಿ ಹೊಗೆಯನ್ನು ನೋಡುತ್ತಿದ್ದರು. ನಿನ್ಫಾ ಇಳಿಯಲು ಹೋದಾಗ ಜೂಸಾ ಅವಳ ಸೊಂಟ ಹಿಡಿದು ಎಳೆದಳು.

ಹೊಗೆಯೊಳಗಿಂದ ಮೊದಲು ಬೈಗುಳ ಬಂತು. ಆಮೇಲೆ ಮೂವರು ಬಂದರು. ಇಬ್ಬರು ಚಿರಿನೊನನ್ನು ಕೈಕಾಲು ಹಿಡಿದು ಹೊತ್ತು ತರುತ್ತಿದ್ದರು, ಅವನು ಒದೆಯುತ್ತಿದ್ದ, ಒಬ್ಬನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದ್ದ.

"ಬಿಡ್ರೋ ನನ್ಮಕ್ಕಳಾ! ಬಿಡ್ರೋ! ಇನ್ನೊಂದು ಮೂಲೆ ಉಳಿದಿದೆ!"

ಅವರು ಅವನನ್ನು ಲಾರಿಯ ಹಲಗೆಯ ಮೇಲೆ ಎಸೆದರು. ಕಾಡುಪೊದೆಯಿಂದ ಕಿತ್ತ ಕಡ್ಡಿಗಳ ಕಂತೆಯೊಂದು ಅವನ ಮುಷ್ಟಿಯಲ್ಲಿತ್ತು. ನಿನ್ಫಾ ಬಿಡಿಸಲು ಎಷ್ಟು ಎಳೆದರೂ ಬೆರಳುಗಳು ಸಡಿಲಲಿಲ್ಲ. ಕಡ್ಡಿಗಳ ತುದಿಗೆ ತರಗೆಲೆಯ ಚೂರು, ಒಣಗಿದ ಹೂವಿನ ಪಕಳೆಗಳು ಅಂಟಿಕೊಂಡು ಇನ್ನೂ ಹೊಗೆಯಾಡುತ್ತಿದ್ದವು.