ಮೋಟಾರು ನಿಂತ ಹೊತ್ತು

ಕರಜಗಿಯಿಂದ ಬಂದಿದ್ದ ಕೂಲಿಯವರೆಲ್ಲ ಪಾಯದ ಗುಂಡಿಯಿಂದ ಮೇಲೆ ಹತ್ತಿದ್ದರು, ಖಂಡಪ್ಪನೊಬ್ಬನನ್ನು ಬಿಟ್ಟು. ವಿಜಾಪುರ ರಸ್ತೆಯ ಆ ಹೊಸ ಕಟ್ಟಡಕ್ಕೆಂದು ಎರಡಾಳುದ್ದ ತೋಡಿದ್ದ ಗುಂಡಿಯಲ್ಲಿ ಬೆಳಗಿನಿಂದ ಸುರಿದ ಮಳೆ ಮೊಣಕಾಲುಮಟ್ಟ ನಿಂತಿತ್ತು. ನೀರೆತ್ತುವ ಮೋಟಾರಿನ ಬಾಯಿಗೆ ಕೆಸರು ಕಟ್ಟದಂತೆ ಅವನು ಸಲಿಕೆಯಿಂದ ಎಳೆದು ಹಾಕುತ್ತಲೇ ಇದ್ದ.

ಅವನ ಹೆಂಡತಿ ಗುರುಬಾಯಿ ಅಂಚಿನಲ್ಲಿ ನಿಂತಿದ್ದಳು. ಅಗೆದ ಮಣ್ಣನ್ನೆಲ್ಲ ಎದುರು ದಂಡೆಯ ಮೇಲೇ ಗುಡ್ಡೆ ಹಾಕಿದ್ದರು. ಗುಡ್ಡೆಯ ಬುಡದಲ್ಲಿ ನೆಲ ಬಿರಿದಿತ್ತು. ಚಹಾದ ಹೊತ್ತಿಗೆ ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ಈಗ ಅಂಗೈ ಹಿಡಿಯುವಂತಿತ್ತು. ಮಳೆನೀರು ಸೀದಾ ಅದರೊಳಗೆ ಇಳಿಯುತ್ತಿತ್ತು.

"ಮ್ಯಾಲ ಬರ್ರಿ, ದಂಡಿ ಬಿರದೈತಿ," ಎಂದು ಕೂಗಿದಳು. ಮೋಟಾರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

ಸೂಪರ್‌ವೈಜರ್ ಯುವರಾಜ ತಗಡಿನ ಶೆಡ್ಡಿನಲ್ಲಿ ಫೋನು ಹಿಡಿದು ನಿಂತಿದ್ದ. ಅವಳು ಅಲ್ಲಿಗೆ ಓಡಿದಳು.

"ಸಾಹೇಬ್ರ, ಅವರಿಗೆ ಮ್ಯಾಲ ಬಾ ಅನ್ರಿ. ಮಣ್ಣ ಕುಸೀತೈತಿ."

"ಜರಾ ಥಾಂಬ, ತಡಿ ಗುರುಬಾಯಿ. ನೀರ ತಗೀಲಿಲ್ಲಂದ್ರ ನಾಳಿ ಕಾಂಕ್ರೀಟ್ ಹ್ಯಾಂಗ ಹಾಕೂದು? ಐದ ಮಿನಿಟ." ಅವನು ಮತ್ತೆ ಫೋನಿಗೆ ಕಿವಿಗೊಟ್ಟ.

ಅವನ ಬೆನ್ನ ಹಿಂದೆಯೇ ಕರೆಂಟಿನ ಬೋರ್ಡಿತ್ತು. ಗುರುಬಾಯಿ ಅದನ್ನು ಎಂದೂ ಮುಟ್ಟಿದವಳಲ್ಲ. ಮೂಲೆಯಲ್ಲಿದ್ದ ಒಣ ಕಟ್ಟಿಗೆಯೊಂದನ್ನು ಎತ್ತಿಕೊಂಡು ಅದರಿಂದ ಬೋರ್ಡಿನ ಹಿಡಿಕೆಯನ್ನು ಕೆಳಕ್ಕೆ ಒತ್ತಿದಳು. ಯುವರಾಜ ತಿರುಗುವಷ್ಟರಲ್ಲಿ ಅವಳು ಅಂಚಿಗೆ ವಾಪಸು ಓಡಿಯಾಗಿತ್ತು.

ಮೋಟಾರು ನಿಂತು ಮಳೆಯ ಸದ್ದೊಂದೇ ಉಳಿದಿತ್ತು.

"ಯಾರಲೇ ಬಂದ್ ಮಾಡ್ದವ್ರು?" ಕೆಳಗಿನಿಂದ ಖಂಡಪ್ಪ ಗದರಿದ.

"ನಾನ ಮಾಡೀನಿ. ಮ್ಯಾಲ ಬಂದು ಬೈರಿ."

ಅವನು ಸಲಿಕೆ ಒಗೆದು, ಗೊಣಗುತ್ತ ಏಣಿ ಹತ್ತಿದ. ಕೈ ಇನ್ನೇನು ಅಂಚಿಗೆ ಸಿಗಬೇಕು, ಎದುರಿನ ದಂಡೆ ಗುಡ್ಡೆಯ ಸಮೇತ ಒಳಗೆ ಜಾರಿತು. ಏಣಿ ಕಾಲಡಿಯಿಂದ ಹೋಯಿತು. ಗುರುಬಾಯಿ ಅವನ ರಟ್ಟೆ ಹಿಡಿದು ಜಗ್ಗಿದಳು. ಉಳಿದವರು ಓಡಿಬಂದು ಅವಳನ್ನೂ ಸೇರಿಸಿ ಎಳೆದರು. ಎದ್ದು ನೋಡಿದರೆ ಮೋಟಾರಿದ್ದ ಜಾಗದಲ್ಲಿ ಕರಿಮಣ್ಣಿನ ರಾಶಿ.

ಯುವರಾಜ ಎಲ್ಲರನ್ನೂ ಗೇಟಿನ ಹತ್ತಿರ ಸೇರಿಸಿ ಹೆಸರು ಹಿಡಿದು ಕೂಗತೊಡಗಿದ.

"ಶಂಕರೆಪ್ಪ?"

"ಅದೀನ್ರಿ."

"ತುಳಜಾಬಾಯಿ?"

"ಅದೀನ್ರಿ."

"ಖಂಡಪ್ಪ?"

ಖಂಡಪ್ಪ ಎಲ್ಲರ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮೋಟಾರಿದ್ದ ಕಡೆಗೇ ನೋಡುತ್ತಿದ್ದ. ಯುವರಾಜ ಇನ್ನೊಮ್ಮೆ ಕೂಗಿದ.

"ಖಂಡಪ್ಪ ಇಲ್ಲೇ ಅದಾರ್ರಿ," ಎಂದಳು ಗುರುಬಾಯಿ.

ಗಂಡನ ಹೆಸರು ಅವಳ ಬಾಯಿಂದ ಬಂದದ್ದು ಕೇಳಿ ತುಳಜಾಬಾಯಿ ತಿರುಗಿ ನೋಡಿದಳು. ಗುರುಬಾಯಿ ಸೆರಗಿನ ಚುಂಗಿನಿಂದ ಅವನ ಕಿವಿಯೊಳಗಿನ ಕೆಸರು ತೆಗೆಯುತ್ತಿದ್ದಳು.